ಎಬಿಎಸ್ ಮಾಡ್ಯೂಲ್ ಬದಲಿಸುವ ಮುನ್ನ: ಯು0121 ಕೋಡ್, ಮಳೆಗಾಲ ಮತ್ತು ಕ್ಯಾನ್ ತಂತಿಗಳ ಪರೀಕ್ಷೆ

ಶಿರಸಿ ಘಟ್ಟ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಡೀಸೆಲ್ ಎಸ್‌ಯುವಿ. ಮಳೆ ಹಿಡಿದ ಮೇಲೆ ಒಂದು ತೊಂದರೆ ಶುರುವಾಗಿದೆ. ಸ್ಟಾರ್ಟ್ ಮಾಡಿ ನಿಂತಲ್ಲೇ ಇಟ್ಟರೆ ಎಲ್ಲವೂ ಸರಿ. ಹೊರಟು ಸ್ವಲ್ಪ ವೇಗ ಹಿಡಿಯುವಷ್ಟರಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಬ್ರೇಕ್ ಮತ್ತು ಸ್ಟಿಯರಿಂಗ್ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ. ಎಂಜಿನ್ ನಿಲ್ಲುವುದಿಲ್ಲ, ಬ್ರೇಕ್ ಹಿಡಿಯುತ್ತದೆ. ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ. ಬಿಸಿಲು ಬಿದ್ದ ದಿನ ಇದರ ಸುಳಿವೇ ಇರುವುದಿಲ್ಲ.

ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, ‘ಎಬಿಎಸ್ ಮಾಡ್ಯೂಲ್ ಹೋಗಿದೆ, ಹೊಸದು ತರಿಸಬೇಕು’ ಎಂದರು. ಮಾಡ್ಯೂಲ್ ಎಂದರೆ ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್. ಅವರು ಹೇಳಿದ ಬೆಲೆಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತದೆ. ಕೊಟ್ಟ ವರದಿಯಲ್ಲಿ ಎಂಜಿನ್ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಪವರ್ ಸ್ಟಿಯರಿಂಗ್, ಮೀಟರ್ ಕನ್ಸೋಲ್ ಮೂರರಲ್ಲೂ ಒಂದೇ ಕೋಡ್ ಇದೆ: ಯು0121. ಘಟ್ಟದ ರಸ್ತೆಯಲ್ಲಿ ಎಬಿಎಸ್ ಇಲ್ಲದೆ ಮನೆಯವರನ್ನು ಕೂರಿಸಿಕೊಂಡು ಇಳಿಯಲು ಮನಸ್ಸು ಒಪ್ಪುತ್ತಿಲ್ಲ. ದುಡ್ಡು ಹಾಕುವ ಮೊದಲು ತಿಳಿದವರ ಮಾತು ಕೇಳಬೇಕೆನಿಸಿತು.

ಕರಾವಳಿ ಟ್ಯಾಕ್ಸಿ

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಅರ್ಧ ಗಂಟೆ ಬಿಡಿ. ನನ್ನ ಗಾಡಿಯಲ್ಲಿ ಹಾಗೆ ಮಾಡಿದಾಗಲೆಲ್ಲ ದೀಪ ಆರುತ್ತದೆ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಹಾಗೆ ಮಾಡಿದಾಗಲೆಲ್ಲ ಆರುತ್ತದೆ ಎಂದರೆ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿದೆ ಎಂದಾಯಿತು ತಮ್ಮಾ. ದೀಪ ಆರಿಸುವುದು ರಿಪೇರಿಯಲ್ಲ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂದು ಒಂದಿಷ್ಟು ಮಾಹಿತಿ ಉಳಿದಿರುತ್ತದೆ: ತಪ್ಪು ನಡೆದ ಹೊತ್ತಿನ ವೇಗ, ಬ್ಯಾಟರಿ ವೋಲ್ಟೇಜ್, ಎಂಜಿನ್ ಸುತ್ತು. ಅಳಿಸಿದರೆ ಅದೂ ಹೋಗುತ್ತದೆ. ದಯವಿಟ್ಟು ಏನನ್ನೂ ಅಳಿಸಬೇಡಿ.

ಶಿರಸಿಯವರೇ, ಯು0121 ಎಂದರೆ ‘ಎಬಿಎಸ್ ಮಾಡ್ಯೂಲ್ ಜೊತೆ ಸಂಪರ್ಕ ತಪ್ಪಿದೆ’ ಎಂದಷ್ಟೇ. ಅದು ಕೆಟ್ಟಿದೆ ಎಂದು ಆ ಕೋಡ್ ಎಲ್ಲಿಯೂ ಹೇಳುವುದಿಲ್ಲ. ಫ್ಯೂಸ್ ಹೋದರೂ, ಅರ್ತ್ (ಬ್ಯಾಟರಿ ನೆಗೆಟಿವ್ ಕಡೆಗೆ ಕರೆಂಟ್ ಹಿಂತಿರುಗುವ ತಂತಿ) ಕೊಳೆತರೂ, ಕನೆಕ್ಟರಿನಲ್ಲಿ ನೀರು ನಿಂತರೂ, ತಂತಿಯನ್ನು ಇಲಿ ಕಡಿದರೂ, ನಿಜವಾಗಿಯೇ ಮಾಡ್ಯೂಲ್ ಸತ್ತರೂ ಬರುವುದು ಇದೇ ಕೋಡ್. ಐದರಲ್ಲಿ ನಾಲ್ಕು ಕಾರಣಗಳಿಗೆ ಹೊಸ ಮಾಡ್ಯೂಲ್ ಬೇಕಾಗಿಲ್ಲ.

ಒಂದು ಪ್ರಶ್ನೆ. ಎಬಿಎಸ್ ಮಾಡ್ಯೂಲ್ ಒಳಗೆ ಸ್ವತಃ ಯಾವ ಕೋಡ್ ಇತ್ತು? ಅದನ್ನು ತೆರೆದು ನೋಡಿದ್ದಾರೆಯೇ?

ಐಟಿಐ ಬೋಧಕ

ಒಳ್ಳೆಯ ಪ್ರಶ್ನೆ. ನನ್ನ ವಿದ್ಯಾರ್ಥಿಗಳಿಗೆ ಮೊದಲ ಪಾಠವೇ ಇದು. ಯು ಅಕ್ಷರದ ಕೋಡ್ ಬಂದಾಗ ಕಾಗದದ ಮೇಲೆ ಎರಡು ಸಾಲು ಬರೆಯಿರಿ: ದೂರು ಕೊಡುತ್ತಿರುವವರು ಯಾರು, ದೂರು ಯಾರ ಮೇಲೆ. ಯು0100 ಎಂಜಿನ್ ಮೇಲಿನ ದೂರು, ಯು0101 ಗೇರ್‌ಬಾಕ್ಸ್ ಮೇಲೆ, ಯು0121 ಎಬಿಎಸ್ ಮೇಲೆ, ಯು0140 ಬಾಡಿ ಕಂಟ್ರೋಲ್ ಮೇಲೆ, ಯು0155 ಮೀಟರ್ ಕನ್ಸೋಲ್ ಮೇಲೆ. ಎಲ್ಲರ ದೂರೂ ಒಬ್ಬರ ಮೇಲೆಯೇ ಇದ್ದರೆ ಆ ಒಬ್ಬರ ವಿದ್ಯುತ್ತು, ಅರ್ತ್ ಮತ್ತು ಅವರ ಕವಲು ತಂತಿಯನ್ನು ನೋಡಬೇಕು. ಎಲ್ಲರೂ ಎಲ್ಲರ ಮೇಲೆ ದೂರುತ್ತಿದ್ದರೆ, ಅಥವಾ ಇಡೀ ಜಾಲದ ಮೇಲಿನ ದೂರಾದ ಯು0001, ಯು0073 ಬಂದಿದ್ದರೆ, ತೊಂದರೆ ಎಲ್ಲ ಮಾಡ್ಯೂಲ್‌ಗಳೂ ಮಾತಾಡಿಕೊಳ್ಳುವ ಕ್ಯಾನ್ ಎಂಬ ಜಾಲದ ಮುಖ್ಯ ಜೋಡಿ ತಂತಿಯಲ್ಲಿದೆ.

ಇಲ್ಲಿ ಮೂವರ ದೂರು ಒಬ್ಬರ ಮೇಲೆ. ಉಳಿದ ಮೂವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಲೇ ಇದ್ದಾರೆ. ಚಕ್ರದ ವೇಗ ಅಳೆಯುವುದು ಎಬಿಎಸ್. ಆ ಅಂಕಿ ಬಾರದಿದ್ದರೆ ಸ್ಪೀಡೋಮೀಟರ್ ಸೊನ್ನೆ ತೋರಿಸುತ್ತದೆ, ವೇಗಕ್ಕೆ ತಕ್ಕಂತೆ ಹಗುರ ಮಾಡುವ ಸ್ಟಿಯರಿಂಗ್ ಕೂಡ ದೀಪ ಹಚ್ಚುತ್ತದೆ. ದೀಪಗಳು ಹಲವು, ಕಾರಣ ಒಂದು.

ಶಿರಸಿ ಘಟ್ಟ

ವರದಿಯ ಎರಡನೆಯ ಪುಟ ಈಗ ನೋಡಿದೆ. ಎಬಿಎಸ್ ವಿಭಾಗದಲ್ಲಿ ‘ಪೂರೈಕೆ ವೋಲ್ಟೇಜ್ ಕಡಿಮೆ, ಆಗಾಗ’ ಎಂಬರ್ಥದ ಸಾಲು ಇದೆ. ಬ್ಯಾಟರಿ ಹೊಸದು, ಎಂಜಿನ್ ಓಡುವಾಗ 14.2 ವೋಲ್ಟ್ ತೋರಿಸುತ್ತದೆ ಎಂದು ಅವರು ಅದನ್ನು ಬಿಟ್ಟುಬಿಟ್ಟರಂತೆ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಬಿಡಬಾರದಿತ್ತು. 14.2 ವೋಲ್ಟ್ ಇರುವುದು ಬ್ಯಾಟರಿಯ ಮೇಲೆ. ಮಾಡ್ಯೂಲ್ ಬಾಗಿಲಿಗೆ ಎಷ್ಟು ತಲುಪುತ್ತಿದೆ ಎಂಬುದೇ ಪ್ರಶ್ನೆ. ಆ ಒಂದು ಸಾಲೇ ನಿಮಗೆ ದಾರಿ ತೋರಿಸುತ್ತಿದೆ.

ಆದರೂ ಮೊದಲು ಮುಖ್ಯ ಜೋಡಿಯನ್ನು ಅಳೆದು ಪಕ್ಕಕ್ಕಿಡೋಣ, ಮನಸ್ಸಿನಲ್ಲಿ ಅನುಮಾನ ಉಳಿಯಬಾರದು. ಸ್ಟಿಯರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಸಾಕೆಟ್ ಗೊತ್ತಲ್ಲ. ಅದರಲ್ಲಿ 6ನೆಯದು ಕ್ಯಾನ್ ಹೈ, 14ನೆಯದು ಕ್ಯಾನ್ ಲೋ (ಆ ಜೋಡಿಯ ಎರಡು ತಂತಿಗಳು), 4 ಮತ್ತು 5 ಅರ್ತ್, 16 ಬ್ಯಾಟರಿ. ಕೀಲಿ ತೆಗೆದು, ಬಾಗಿಲು ಮುಚ್ಚಿ, ಮಾಡ್ಯೂಲ್‌ಗಳು ಮಲಗುವವರೆಗೆ ಕೆಲವು ನಿಮಿಷ ಕಾದು, ವರದಿ ಈಗ ಕೈಯಲ್ಲಿರುವುದರಿಂದ ಬ್ಯಾಟರಿ ನೆಗೆಟಿವ್ ಬಿಚ್ಚಿ. ಆಮೇಲೆ 6 ಮತ್ತು 14ರ ನಡುವೆ ಓಮ್ ಅಳೆಯಿರಿ. ಜೋಡಿಯ ಎರಡು ತುದಿಗಳಲ್ಲಿ ತಲಾ 120 ಓಮಿನ ರೋಧಕ ಇರುತ್ತದೆ. ಎರಡೂ ಸಮಾನಾಂತರವಾಗಿರುವುದರಿಂದ ಮೀಟರ್ 60ರ ಆಸುಪಾಸು ತೋರಿಸಬೇಕು. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ ಅಥವಾ ಒಂದು ತುದಿ ಕಳಚಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ.

ಕರಾವಳಿ ಟ್ಯಾಕ್ಸಿ

ಅಣ್ಣಾ, ಈ ಮಾತು ಓದಿ ನನ್ನ ಗಾಡಿಯದ್ದೂ ಅಳೆದೆ. 40 ಬಂತು. 60ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದೋ ಕೆಟ್ಟದ್ದೋ?

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಕೆಟ್ಟದ್ದೇ. ನಿಮ್ಮದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಒಂದು ಯೋಚಿಸಿ: ಗಾಡಿ ಕೊಂಡ ಮೇಲೆ ಹೊರಗಿನವರಿಂದ ಏನೇನು ಹಾಕಿಸಿದ್ದೀರಿ?

ಎಂಬೆಡೆಡ್ ಬೆಂಗಳೂರು

ಅಳೆಯುವವರಿಗೆ ಮೂರು ಎಚ್ಚರಿಕೆಯ ಮಾತು ಸೇರಿಸುತ್ತೇನೆ. ಈಚಿನ ಹಲವು ಕಾರುಗಳಲ್ಲಿ ಆ ಸಾಕೆಟ್ಟಿನ ಹಿಂದೆ ಗೇಟ್‌ವೇ ಎಂಬ ಮಾಡ್ಯೂಲ್ ಕೂತಿರುತ್ತದೆ. ಆಗ 6 ಮತ್ತು 14ರಲ್ಲಿ ಕಾಣುವುದು ಸಾಕೆಟ್‌ನಿಂದ ಗೇಟ್‌ವೇವರೆಗಿನ ತುಂಡು ಮಾತ್ರ. ಅದರಾಚೆ ಎಂಜಿನ್ ಮತ್ತು ಬ್ರೇಕ್ ಇರುವ ಜಾಲ ಹರಿದು ಹೋಗಿದ್ದರೂ ಇಲ್ಲಿ 60 ಬರಬಹುದು. ಆದ್ದರಿಂದ ನಿಮ್ಮ ಮಾದರಿಯ ವೈರಿಂಗ್ ನಕ್ಷೆ ಇಲ್ಲದೆ ತೀರ್ಮಾನಕ್ಕೆ ಬರಬೇಡಿ. ಎರಡನೆಯದು, ತುದಿಯ ರೋಧಕ ಹಲವು ಬಾರಿ ಯಾವುದಾದರೂ ಮಾಡ್ಯೂಲಿನ ಹೊಟ್ಟೆಯಲ್ಲೇ ಇರುತ್ತದೆ. ಅಂಥ ಮಾಡ್ಯೂಲಿನ ಪ್ಲಗ್ ಕಿತ್ತು ಅಳೆದರೆ 120 ಬರುವುದು ಸಹಜ, ಅದು ದೋಷವಲ್ಲ.

ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು. ಹಳದಿ ಬಣ್ಣದ ಕನೆಕ್ಟರ್‌ಗಳು ಏರ್‌ಬ್ಯಾಗಿನವು. ಅಲ್ಲಿ ಓಮ್ ಮೀಟರ್ ಇಡಬೇಡಿ, ಮೀಟರ್ ಹರಿಸುವ ಅಲ್ಪ ವಿದ್ಯುತ್ತನ್ನೂ ನಂಬಬೇಡಿ. ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ಕೇಬಲ್ ಹತ್ತಿರವೂ ಹೋಗಬೇಡಿ.

ಶಿರಸಿ ಘಟ್ಟ

ಅಳೆದೆ. 60.8 ಓಮ್. ರಾತ್ರಿಯೆಲ್ಲ ಮಳೆ ಸುರಿದ ಮೇಲೆ ಬೆಳಿಗ್ಗೆ ಅಳೆದರೂ ಅಷ್ಟೇ. ನನ್ನ ಮಾದರಿಗೆ ಗೇಟ್‌ವೇ ಇಲ್ಲ ಎಂದು ನಕ್ಷೆಯಿಂದ ತಿಳಿಯಿತು. ಕೀಲಿ ತಿರುಗಿಸಿ ಅರ್ತಿಗೆ ಹೋಲಿಸಿ ನೋಡಿದಾಗ 6ರಲ್ಲಿ 2.65, 14ರಲ್ಲಿ 2.36 ವೋಲ್ಟ್.

ಎಂಬೆಡೆಡ್ ಬೆಂಗಳೂರು

ಇವು ಆರೋಗ್ಯವಂತ ಅಂಕಿಗಳು. ಯಾಕೆಂದು ಬಿಡಿಸಿ ಹೇಳುತ್ತೇನೆ, ಇದು ತಿಳಿದರೆ ಮೀಟರ್ ಓದುವುದು ಸುಲಭವಾಗುತ್ತದೆ.

ಬಾಷ್ ಕಂಪನಿ 1983ರಲ್ಲಿ ಈ ಕ್ಯಾನ್ ಜಾಲದ ಕೆಲಸ ಶುರುಮಾಡಿ, 1986ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್‌ನ ಎಸ್‌ಎಇ (ವಾಹನ ಎಂಜಿನಿಯರುಗಳ ಸಂಘ) ಸಮಾವೇಶದಲ್ಲಿ ಜಗತ್ತಿನ ಮುಂದಿಟ್ಟಿತು. 1993ರಲ್ಲಿ ಅದು ಐಎಸ್‌ಒ 11898 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಯಾರೂ ಮಾತಾಡದಿದ್ದಾಗ ಎರಡೂ ತಂತಿಗಳು 2.5 ವೋಲ್ಟಿನಲ್ಲಿ ಇರುತ್ತವೆ. ಮಾತಾಡುವಾಗ ಹೈ 3.5ಕ್ಕೆ ಏರುತ್ತದೆ, ಲೋ 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಇವೆರಡರ ನಡುವಿನ ಅಂತರವನ್ನು ಮಾತ್ರ. ತಂತಿಗಳನ್ನು ಒಂದಕ್ಕೊಂದು ತಿರುಚಿರುವುದೂ ಅದಕ್ಕೇ: ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದರೆ ಅಂತರ ಬದಲಾಗುವುದಿಲ್ಲ.

ಕಾರಿನ ಈ ಜಾಲದಲ್ಲಿ ಸೆಕೆಂಡಿಗೆ 5 ಲಕ್ಷ ಬಿಟ್‌ಗಳು ಓಡುತ್ತವೆ. ಮಲ್ಟಿಮೀಟರಿಗೆ ಅಷ್ಟು ಚುರುಕಿಲ್ಲ, ಅದು ಸರಾಸರಿ ತೋರಿಸುತ್ತದೆ. ಅದಕ್ಕೇ ಹೈ 2.6-2.7, ಲೋ 2.3-2.4. ಎರಡನ್ನೂ ಕೂಡಿಸಿದರೆ 5ರ ಹತ್ತಿರ ಬರಬೇಕು. ಯಾವುದಾದರೂ ಒಂದು ಸೊನ್ನೆಗೆ ಅಂಟಿಕೊಂಡಿದ್ದರೆ ಅರ್ತಿಗೆ ತಾಗಿದೆ, 12ರತ್ತ ಹೋಗಿದ್ದರೆ ಬ್ಯಾಟರಿ ತಂತಿಗೆ ತಾಗಿದೆ. ಎರಡೂ ಅಲ್ಲಾಡದೆ 2.5ರಲ್ಲೇ ನಿಂತಿದ್ದರೆ ತಂತಿಗಳು ಚೆನ್ನಾಗಿದ್ದರೂ ಯಾರೂ ಮಾತಾಡುತ್ತಿಲ್ಲ, ಇಲ್ಲವೇ ಎರಡು ತಂತಿಗಳು ಒಂದಕ್ಕೊಂದು ತಾಗಿವೆ ಎಂದರ್ಥ.

ಲಾರಿ ವೈರಿಂಗ್ ಚಿತ್ರದುರ್ಗ

ನಾನು ಲಾರಿಗಳ ಕೆಲಸ ಮಾಡುವವನು. ನಮ್ಮಲ್ಲಿ ಇರುವುದು ಜೆ1939 ಎಂಬ ಲಾರಿಗಳ ಕ್ಯಾನ್ ಜಾಲ, ಹೆಚ್ಚಿನವು 250 ಕಿಲೋಬಿಟ್ ವೇಗ, 9 ಪಿನ್ನಿನ ಗುಂಡಗಿನ ಸಾಕೆಟ್, ಸಿ ಮತ್ತು ಡಿ ಪಿನ್ನುಗಳ ನಡುವೆ ಅಳೆಯುತ್ತೇವೆ. ಲೆಕ್ಕ ಅದೇ 60. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಸೈಲೆನ್ಸರಿನಲ್ಲಿ ಸಾರಜನಕದ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್‌ಗಳು ಈ ಜಾಲದ ಮೇಲೆಯೇ ಕೂತಿವೆ. ಸೈಲೆನ್ಸರಿನ ಬಿಸಿಗೆ ಅವುಗಳ ತಂತಿ ಕರಗಿ ಒಂದಕ್ಕೊಂದು ಅಂಟಿದರೆ ಒಂದು ಸೆನ್ಸರಿನಿಂದ ಇಡೀ ಜಾಲ ಮಲಗುತ್ತದೆ, ಜಾಲದ ದೋಷ ಹೇಳುವ ಕೋಡ್ ಎಸ್‌ಪಿಎನ್ 639 ತೋರಿಸುತ್ತದೆ.

ನಾವು ಮಾಡುವುದು ಇಷ್ಟೇ. ಬ್ಯಾಟರಿ ಬಿಚ್ಚಿ, ಮೀಟರನ್ನು ಸಾಕೆಟ್ಟಿಗೆ ಸಿಕ್ಕಿಸಿಟ್ಟು, ಒಬ್ಬ ಹುಡುಗ ಅಂಕಿ ನೋಡುತ್ತಿರುವಾಗ ಇನ್ನೊಬ್ಬ ಒಂದೊಂದೇ ಪ್ಲಗ್ ಕೀಳುತ್ತಾ ಹೋಗುತ್ತಾನೆ. ಯಾವ ಪ್ಲಗ್ ಕಿತ್ತಾಗ ಸೊನ್ನೆಯಿಂದ 60ಕ್ಕೆ ಹಾರುತ್ತದೋ ಅಲ್ಲಿದೆ ರೋಗ. ಶಿರಸಿಯವರ ಗಾಡಿಯಲ್ಲಿ ಈ ದಾರಿ ಬೇಕಾಗಿಲ್ಲ, ಅಲ್ಲಿ ಜಾಲ ನಿಂತಿಲ್ಲ.

ಐಟಿಐ ಬೋಧಕ

ಶಿರಸಿಯವರು ಮೊದಲ ಬರಹದಲ್ಲಿ ಹೇಳಿದ ಒಂದು ಮಾತನ್ನು ಯಾರೂ ಎತ್ತಿಕೊಂಡಿಲ್ಲ. ನಿಂತಾಗ ಸರಿ, ಹೊರಟು ವೇಗ ಹಿಡಿಯುವಾಗ ಕೆಡುತ್ತದೆ. ಆ ಕ್ಷಣದಲ್ಲಿ ಏನಾಗುತ್ತದೆ? ಬಹಳಷ್ಟು ಗಾಡಿಗಳಲ್ಲಿ ಎಬಿಎಸ್ ಘಟಕ ಹೊರಟ ಮೇಲೆ ಒಮ್ಮೆ ತನ್ನ ಪಂಪ್ ಮೋಟಾರನ್ನು ಕ್ಷಣಕಾಲ ಓಡಿಸಿ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ. ಕಿವಿಗೊಟ್ಟರೆ ಬಾನೆಟ್ ಕಡೆಯಿಂದ ಸಣ್ಣ ‘ಗುರ್’ ಸದ್ದು ಕೇಳುತ್ತದೆ. ಅಲ್ಲಿಯವರೆಗೆ ಮಾಡ್ಯೂಲ್ ಎಳೆಯುವ ಕರೆಂಟ್ ಅಲ್ಪ. ಪಂಪ್ ತಿರುಗಿದ ಕೂಡಲೇ ಹತ್ತಾರು ಆಂಪಿಯರ್.

ಅರ್ತ್ ಬೋಲ್ಟಿನಲ್ಲಿ ತುಕ್ಕಿದ್ದರೆ ಅಲ್ಪ ಕರೆಂಟಿಗೆ ಅದು ಕಾಣಿಸಿಕೊಳ್ಳುವುದೇ ಇಲ್ಲ. ಹೆಚ್ಚು ಕರೆಂಟ್ ಹರಿದಾಗ ಅಲ್ಲೇ ವೋಲ್ಟೇಜ್ ತಿಂದುಹೋಗುತ್ತದೆ. ಮಾಡ್ಯೂಲಿಗೆ ಉಳಿಯುವುದು ಸಾಲದೆ ಅದು ಮಗುಚಿ ಬಿದ್ದು ಮತ್ತೆ ಏಳುತ್ತದೆ. ಆ ನಡುವೆ ಬರಬೇಕಿದ್ದ ಸಂದೇಶ ಬಾರದೆ ಉಳಿದವರು ಯು0121 ಬರೆದುಕೊಳ್ಳುತ್ತಾರೆ. ಇದು ನನ್ನ ಬಲವಾದ ಅನುಮಾನ.

ಎಂಬೆಡೆಡ್ ಬೆಂಗಳೂರು

ಮೇಷ್ಟ್ರ ಮಾತಿಗೆ ಇನ್ನೊಂದು ಸೇರಿಸಬೇಕು. ಅರ್ತ್ ಬದಿಯ ವೋಲ್ಟೇಜ್ ಮೇಲೆದ್ದರೆ ಆ ಮಾಡ್ಯೂಲ್ ಕಳಿಸುವ ಸಂಕೇತಗಳೂ ಅದರ ಜೊತೆ ಮೇಲೇಳುತ್ತವೆ. ಕ್ಯಾನ್ ಗ್ರಾಹಕಗಳು ಕನಿಷ್ಠ ಮೈನಸ್ 2ರಿಂದ ಪ್ಲಸ್ 7 ವೋಲ್ಟ್‌ವರೆಗಿನ ಏರುಪೇರನ್ನು ತಾಳಿಕೊಳ್ಳುವಂತೆ ಮಾನಕವೇ ಹೇಳುತ್ತದೆ. ಅದನ್ನು ಮೀರಿದರೆ ಬಿಟ್‌ಗಳು ತಪ್ಪಾಗಿ ಓದಿಸಿಕೊಳ್ಳಬಹುದು.

ತಪ್ಪು ಮಾಡುವವನನ್ನು ಜಾಲ ಹೊರಗಿಡುವ ರೀತಿಯೂ ಇಲ್ಲಿ ಮುಖ್ಯ. ಪ್ರತಿ ನಿಯಂತ್ರಕದೊಳಗೆ ಒಂದು ತಪ್ಪಿನ ಲೆಕ್ಕ ಇರುತ್ತದೆ. ಕಳಿಸುವಾಗ ತಪ್ಪಾದರೆ 8 ಏರುತ್ತದೆ, ಸರಿಯಾಗಿ ಕಳಿಸಿದರೆ 1 ಇಳಿಯುತ್ತದೆ. 127 ದಾಟಿದರೆ ಅದು ಇತರರ ಮಾತನ್ನು ತಡೆಯುವ ಹಕ್ಕು ಕಳೆದುಕೊಳ್ಳುತ್ತದೆ. 255 ದಾಟಿದರೆ ಬಸ್ ಆಫ್, ತಾನಾಗಿಯೇ ಮೌನಕ್ಕೆ ಸರಿಯುತ್ತದೆ. ಕೆಟ್ಟ ಒಬ್ಬನಿಂದ ಎಂಜಿನ್ ನಿಲ್ಲಬಾರದು ಎಂಬ ಕಾಳಜಿಯಿಂದ ಮಾಡಿದ ಏರ್ಪಾಡು ಇದು. ನಿಮ್ಮ ಎಂಜಿನ್ ಓಡುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಈ ವಿನ್ಯಾಸ ಮಾಡಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಶಿರಸಿ ಘಟ್ಟ

ವರ್ಕ್‌ಶಾಪಿನಲ್ಲಿ ಅರ್ತ್ ನೋಡಿದ್ದಾರೆ. ಮೀಟರಿನಲ್ಲಿ ಒಂದು ಓಮಿಗಿಂತ ಸ್ವಲ್ಪ ಹೆಚ್ಚು ಬಂತಂತೆ, ‘ಕಂಟಿನ್ಯೂಟಿ ಇದೆ, ಬೀಪ್ ಬರುತ್ತದೆ’ ಎಂದು ಮುಂದಕ್ಕೆ ಹೋದರು.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಬೀಪ್ ನಂಬಿ ಅರ್ತ್ ಪಾಸು ಮಾಡುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬೇರೂರಿದೆ, ನನಗೆ ಅದರ ಬಗ್ಗೆ ಸಿಟ್ಟಿದೆ. ನೂರು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಮೀಟರ್ ಕಳಿಸುವ ಕರೆಂಟ್ ಅಷ್ಟು ಸಣ್ಣದು. ಒಂದು ಓಮ್ ಎಂದರೆ ಚಿಕ್ಕದೆನಿಸುತ್ತದೆ. 10 ಆಂಪಿಯರ್ ಹರಿದಾಗ ಆ ಒಂದು ಓಮ್ 10 ವೋಲ್ಟ್ ನುಂಗುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಅರ್ತನ್ನು ಹೊರೆ ಹೊರಿಸಿಯೇ ಪರೀಕ್ಷಿಸಬೇಕು. ಹೀಗೆ ಮಾಡಿ. ಕೀಲಿ ತೆಗೆದು ಎಬಿಎಸ್ ಪ್ಲಗ್ ಬಿಚ್ಚಿ. ನಕ್ಷೆ ನೋಡಿ ಪಂಪಿನ ದಪ್ಪ ಬ್ಯಾಟರಿ ಪಿನ್ ಮತ್ತು ದಪ್ಪ ಅರ್ತ್ ಪಿನ್ ಗುರುತಿಸಿ. ಹಳೆಯ 55 ವ್ಯಾಟ್ ಹೆಡ್‌ಲೈಟ್ ಬಲ್ಬನ್ನು ಅವೆರಡರ ನಡುವೆ ಹಾಕಿ. ಪಿನ್ನಿನ ಬಾಯಿಗೆ ಟೆಸ್ಟರಿನ ದಪ್ಪ ಮುಳ್ಳು ಚುಚ್ಚಬೇಡಿ, ಬಾಯಿ ಅಗಲವಾದರೆ ಹೊಸ ತೊಂದರೆಯನ್ನು ನೀವೇ ತಂದುಕೊಂಡಂತೆ. ಅದೇ ಅಳತೆಯ ಗಂಡು ಟರ್ಮಿನಲ್ ಬಳಸಿ. ಬಲ್ಬ್ ಪೂರ್ತಿ ಉರಿಯಬೇಕು. ಉರಿಯುತ್ತಿರುವಾಗಲೇ ಕರಿ ಪ್ರೋಬ್ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪು ಪ್ರೋಬ್ ಬಲ್ಬಿನ ಅರ್ತ್ ಬದಿಯ ಮೇಲೆ ಇಟ್ಟು ವೋಲ್ಟ್ ಓದಿ. 0.1, ಹೆಚ್ಚೆಂದರೆ 0.2 ಬರಬೇಕು. ಆಮೇಲೆ ಹಾಗೆಯೇ ಪಾಸಿಟಿವ್ ಬದಿ. ಬಲ್ಬ್ ಬೇಗ ಸುಡುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಶಿರಸಿ ಘಟ್ಟ

ನಮ್ಮೂರಿನ ವೈರಿಂಗ್ ಮಾಡುವ ಹುಡುಗನನ್ನು ಕರೆದು, ನೀವು ಬರೆದದ್ದನ್ನು ಓದಿ ಹೇಳಿ, ಮಳೆ ನಿಂತ ಕೂಡಲೇ ಮಾಡಿಸಿದೆ. ಬಲ್ಬ್ ಕೆಂಪಗೆ ಮಂಕಾಗಿ ಉರಿಯಿತು. ಪಾಸಿಟಿವ್ ಬದಿಯಲ್ಲಿ 0.09. ಅರ್ತ್ ಬದಿಯಲ್ಲಿ 4.1 ವೋಲ್ಟ್!

ಅರ್ತ್ ತಂತಿ ಬ್ಯಾಟರಿ ಟ್ರೇ ಪಕ್ಕ ಚಾಸಿಗೆ ಬೋಲ್ಟ್ ಆಗಿದೆ. ಹುಡುಗ ಬೋಲ್ಟ್ ಬಿಚ್ಚಿದಾಗ ರಿಂಗ್ ಟರ್ಮಿನಲ್ ಹಸಿರುಗಟ್ಟಿ ಅರ್ಧ ಕೈಗೇ ಬಂತು. ಮೇಲಿಂದ ನೀರು ಬೀಳುವ ಜಾಗವೂ ಸಿಕ್ಕಿತು: ಮುಂದಿನ ಗಾಜಿನ ಕೆಳಗಿನ ದೋಣಿಯಲ್ಲಿ ಎಲೆ ತುಂಬಿ ನೀರು ಹೋಗುವ ಕಿಂಡಿ ಮುಚ್ಚಿಕೊಂಡಿತ್ತು. ಗಾಡಿ ನಿಲ್ಲುವುದು ಹಲಸಿನ ಮರದ ಕೆಳಗೆ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಶಭಾಷ್. ಆ ಹುಡುಗನಿಗೆ ನನ್ನ ಮೆಚ್ಚುಗೆ ತಿಳಿಸಿ. ಈಗ ಅವಸರ ಮಾಡಬೇಡಿ. ಹಸಿರು ತಂತಿಯೊಳಗೂ ಹರಿದಿರುತ್ತದೆ, ಮಿರುಗುವ ತಾಮ್ರ ಕಾಣುವವರೆಗೆ ಕತ್ತರಿಸಿ. ಅದೇ ದಪ್ಪದ ತಂತಿಗೆ ಹೊಸ ರಿಂಗ್ ಟರ್ಮಿನಲ್ ಕ್ರಿಂಪ್ ಮಾಡಿ, ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ. ಚಾಸಿಯ ಬಣ್ಣ ಕೆರೆದು ಬಿಳಿ ಲೋಹ ಕಾಣಿಸಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಅಥವಾ ವ್ಯಾಸಲಿನ್ ಬಳಿಯಿರಿ. ಎಬಿಎಸ್ ಪ್ಲಗ್ಗಿನ ರಬ್ಬರ್ ಸೀಲ್ ಹರಿದಿದೆಯೇ ಎಂದೂ ನೋಡಿ. ಕೊನೆಗೆ ಅದೇ ಬಲ್ಬಿನಿಂದ ಮತ್ತೆ ಅಳೆಯಿರಿ.

ಶಿರಸಿ ಘಟ್ಟ

ಎಲ್ಲ ಹೇಳಿದಂತೆ ಮಾಡಿದೆವು. ಅರ್ತ್ ಬದಿ ಈಗ 0.05. ಕೋಡ್ ಅಳಿಸಿ, ಧಾರಾಕಾರ ಮಳೆಯಲ್ಲೇ ದೇವಿಮನೆ ಘಟ್ಟ ಇಳಿದು ಹತ್ತಿ ಬಂದೆ. ದೀಪ ಬಂದಿಲ್ಲ, ಸ್ಕ್ಯಾನರಿನಲ್ಲೂ ಏನೂ ಉಳಿದಿಲ್ಲ. ಖರ್ಚಾದದ್ದು ಹುಡುಗನ ಕೂಲಿ ಮತ್ತು ಒಂದು ಟರ್ಮಿನಲ್ ಬೆಲೆ. ಎಲ್ಲರಿಗೂ ಮನಃಪೂರ್ವಕ ವಂದನೆ.

ಲಾರಿ ವೈರಿಂಗ್ ಚಿತ್ರದುರ್ಗ

ಸಂತೋಷ. ಇಲ್ಲಿ ಇಲಿಯ ಮಾತೂ ಬಂದಿದ್ದರಿಂದ ಒಂದು ಕೇಳುತ್ತೇನೆ. ಕ್ಯಾನ್ ಜೋಡಿಯನ್ನೇ ಇಲಿ ಕಡಿದಿದ್ದರೆ ನೀವೆಲ್ಲ ಹೇಗೆ ಜೋಡಿಸುತ್ತೀರಿ? ಟೇಪು ಸುತ್ತಿ ಕಳಿಸಿದ ಲಾರಿಗಳು ನನ್ನ ಬಳಿ ವಾಪಸ್ ಬರುತ್ತಲೇ ಇರುತ್ತವೆ.

ಐಟಿಐ ಬೋಧಕ

ಎರಡು ತಂತಿಗಳ ಜೋಡಣೆ ಒಂದೇ ಜಾಗದಲ್ಲಿ ಎದುರುಬದುರು ಬರಬಾರದು, ಹಿಂದೆ ಮುಂದೆ ಇರಲಿ. ತಿರುಚು ಬಿಚ್ಚಿದ ಭಾಗ ಐದು ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಿ. ಎರಡರ ಉದ್ದವೂ ಸಮನಾಗಿರಲಿ. ಕ್ರಿಂಪ್ ಮೇಲೆ ಅಂಟಿನ ಹೀಟ್ ಶ್ರಿಂಕ್. ಬರೀ ಟೇಪಿನೊಳಗೆ ನಮ್ಮ ಮಳೆಗಾಲದ ತೇವ ಹೊಕ್ಕೇ ಹೊಗುತ್ತದೆ.

ಕರಾವಳಿ ಟ್ಯಾಕ್ಸಿ

ಅಣ್ಣಾ, ನನ್ನ 40 ಓಮ್ ಹಾಗೆಯೇ ಉಳಿಯಿತು. ಹೊರಗಿನಿಂದ ಹಾಕಿಸಿದ್ದು ಜಿಪಿಎಸ್ ಟ್ರ್ಯಾಕರ್ ಒಂದೇ. ಹಾಕಿದವನು ಸ್ಟಿಯರಿಂಗ್ ಕೆಳಗೆ ಎರಡು ತಂತಿಗಳಿಗೆ ಕೊಂಡಿ ಸಿಕ್ಕಿಸಿ ಹೋಗಿದ್ದಾನೆ. ದೀಪಗಳು ಬರತೊಡಗಿದ್ದು ಅದರ ನಂತರವೇ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಹಾಗಾದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಎರಡು 120 ಸಮಾನಾಂತರವಾದರೆ 60, ಮೂರಾದರೆ 40. ಆ ಟ್ರ್ಯಾಕರಿನೊಳಗೆ ಮೂರನೆಯ 120 ಓಮ್ ಇದೆ. ತುದಿಯಲ್ಲಿ ಇರಬೇಕಾದದ್ದು ನಡುವೆ ಕೂತು ಸಂಕೇತವನ್ನು ಸಪ್ಪೆ ಮಾಡುತ್ತಿದೆ.

ಎಂಬೆಡೆಡ್ ಬೆಂಗಳೂರು

ಆ ರೋಧಕವನ್ನು ತೆಗೆಯಲು ಅಥವಾ ಜಂಪರಿನಿಂದ ಬೇರ್ಪಡಿಸಲು ಹಲವು ಸಾಧನಗಳಲ್ಲಿ ಅವಕಾಶ ಇರುತ್ತದೆ. ಮಾರಿದವರನ್ನು ಎರಡು ಮಾತು ಕೇಳಿ: ರೋಧಕ ಬೇರ್ಪಡಿಸಿದ್ದೀರಾ, ಸಾಧನ ಬರೀ ಆಲಿಸುವ ಸ್ಥಿತಿಯಲ್ಲಿದೆಯೇ? ಗಾಡಿ ಎಲ್ಲಿದೆ ಎಂದು ತಿಳಿಸಲು ಅದಕ್ಕೆ ಬೇಕಾದದ್ದು ಬ್ಯಾಟರಿ, ಅರ್ತ್ ಮತ್ತು ಆಂಟೆನಾ. ಬ್ರೇಕ್ ಮತ್ತು ಎಂಜಿನ್ ಮಾತಾಡುವ ತಂತಿಗೆ ಕೈ ಹಾಕುವ ಅಗತ್ಯವೇ ಇಲ್ಲದಿರಬಹುದು. ಟ್ಯಾಕ್ಸಿಗೆ ಟ್ರ್ಯಾಕರ್ ಕಡ್ಡಾಯವಿದ್ದರೆ ಅದನ್ನು ಕಿತ್ತುಹಾಕಬೇಡಿ, ಸರಿಯಾಗಿ ಕೂರಿಸಿಕೊಳ್ಳಿ.

ಕರಾವಳಿ ಟ್ಯಾಕ್ಸಿ

ಟ್ರ್ಯಾಕರಿನ ಆ ಎರಡು ತಂತಿ ಬಿಡಿಸಿ ಅಳೆದೆ, 60.3. ಟ್ರ್ಯಾಕರ್ ಈಗಲೂ ಫೋನಿನಲ್ಲಿ ಜಾಗ ತೋರಿಸುತ್ತಿದೆ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್

ಕೊಂಡಿ ಕಚ್ಚಿದ ಕಡೆ ತಂತಿಯ ಪ್ಲಾಸ್ಟಿಕ್ ತೂತಾಗಿರುತ್ತದೆ. ಕರಾವಳಿಯ ಉಪ್ಪು ಗಾಳಿಗೆ ಅಲ್ಲಿಂದಲೇ ತಾಮ್ರ ಹಸಿರುಗಟ್ಟುತ್ತದೆ. ಇವತ್ತೇ ಆ ಎರಡೂ ತೂತುಗಳನ್ನು ಮೇಷ್ಟ್ರು ಹೇಳಿದ ರೀತಿಯಲ್ಲಿ ಮುಚ್ಚಿಸಿ, ತಿರುಚು ಬಿಚ್ಚಿದ್ದರೆ ಮತ್ತೆ ತಿರುಚಿಸಿ. ಆಮೇಲೆ ಎಂಜಿನ್ ಓಡುತ್ತಿರುವಾಗ 6 ಮತ್ತು 14ರ ವೋಲ್ಟ್ ಅಳೆದು ಇಲ್ಲಿ ಹಾಕಿ, ನೋಡೋಣ.